ಅಡ್ಕಗಳ ದಾರಿಯಲ್ಲಿ ಮಾಷ್ಟ್ರ ಕಾರು

ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ಅಂತರರಾಜ್ಯ ರಸ್ತೆಯನ್ನು ಅಡ್ಕಗಳ ದಾರಿ ಎಂದು ಕರೆದರೆ ತಪ್ಪಾಗದು. ಬದಿಯಡ್ಕ, ಉಕ್ಕಿನಡ್ಕ, ಅಡ್ಕಸ್ಥಳ ಎಂಬ ಊರುಗಳು ಕೇರಳದ ಮಗ್ಗುಲಲ್ಲಿವೆ; ಸಾರಡ್ಕ, ಅಡ್ಯನಡ್ಕ, ಕಲ್ಲಡ್ಕಗಳು ಕರ್ನಾಟಕದ ಮಗ್ಗುಲಲ್ಲಿವೆ. ತುಳುವಿನಲ್ಲಿ ಅಡ್ಕವೆಂದರೆ ಒಣ ಬಯಲು, ಹೆಚ್ಚಾಗಿ ಮುರಕಲ್ಲಿನ ಹಾಸು. ಮಳೆಗಾಲದಲ್ಲಿ ಹಸುರು ಹುಲ್ಲು, ಬೇಸಗೆಯಲ್ಲಿ ಕಾದ ಕಾವಲಿಯಂಥ ನೆಲ. ಎರಡು ಅಡ್ಕಗಳ ನಡುವಿನ ತಗ್ಗಿನಲ್ಲಿ ಅಡಿಕೆಯ ತೋಟ, ತೋಟದಾಚೆ ಮನೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಈ ದಾರಿಗೆ ಅಡ್ಡಲಾಗಿ ಹಾದುಹೋಯಿತು. ಊರಿನ ಹೆಸರುಗಳು ಮಾತ್ರ ಗಡಿಯ ಎರಡೂ ಕಡೆಗಳಲ್ಲಿ ಒಂದೇ ಸರದ ಮಣಿಗಳಂತೆ ಉಳಿದುಕೊಂಡಿವೆ.

ಕಾಸರಗೋಡಿನ ನ್ಯಾಯಾಲಯಗಳಲ್ಲಿ ವಕೀಲಿ ನಡೆಸುವವನಿಗೆ ಈ ದಾರಿ ಹೊಸದಲ್ಲ. ಕಕ್ಷಿಗಾರರಲ್ಲಿ ಅರ್ಧಪಾಲು ಜನ ಇದೇ ದಾರಿಯಲ್ಲಿ ಬಸ್ಸು ಹಿಡಿದು ವಿದ್ಯಾನಗರಕ್ಕೆ ಬರುವವರು. ಆದರೆ ಕಳೆದ ನವೆಂಬರದಲ್ಲಿ ನಾನು ಈ ದಾರಿಯಲ್ಲಿ ಹೋದದ್ದು ಮೊಕದ್ದಮೆಯ ಕೆಲಸಕ್ಕಲ್ಲ. ನಮ್ಮ ಮನೆಯ ಹಳೆಯ ಕಾರನ್ನು ಪೆರ್ಲದ ಬಳಿಯ ಒಬ್ಬರಿಗೆ ತೋರಿಸಿ, ಒಪ್ಪಿಗೆಯಾದರೆ ಮಾರಿ ಬರುವುದು ಉದ್ದೇಶವಾಗಿತ್ತು. ಹಳೆಯ ವಾಹನವನ್ನು ಕೊಳ್ಳುವ, ಮಾರುವ ಸಂದರ್ಭ ನಮ್ಮ ಓದುಗ ಕುಟುಂಬಗಳಲ್ಲಿ ಬಹಳ ಮಂದಿಗೆ ಬರುತ್ತದೆಯಾದ್ದರಿಂದ ದಾರಿಯ ವಿವರದೊಂದಿಗೆ ಆ ವ್ಯವಹಾರದ ವಿವರವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಾರು 1998ರ ಮಾರುತಿ 800. ಈ ಮಾದರಿಯ ಮೊದಲ ಕಾರಿನ ಬೀಗದಕೈಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಕೊಳ್ಳುವವರ ಕೈಗಿತ್ತಿದ್ದರು. ಇದರ ತಯಾರಿ 2014ರ ಜನವರಿಯಲ್ಲಿ ನಿಂತಿತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಸಣ್ಣ ಎಂಜಿನು, ನಾಲ್ಕು ಗೇರು, ಹನ್ನೆರಡು ಇಂಚಿನ ಚಕ್ರ. ಕನ್ನಡ ಮಾಧ್ಯಮದ ಅನುದಾನಿತ ಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದ ನನ್ನ ತಂದೆಯವರು ಬ್ಯಾಂಕಿನ ಸಾಲ ಪಡೆದು ಇದನ್ನು ಮಂಗಳೂರಿನಲ್ಲಿ ಕೊಂಡರು. ತಾತ್ಕಾಲಿಕ ನೋಂದಣಿಯೊಂದಿಗೆ ತಲಪಾಡಿ ದಾಟಿ ಬಂದ ಕಾರು ಕೆ.ಎಲ್. 14 ಎಂಬ ಕಾಸರಗೋಡಿನ ಸಂಖ್ಯೆ ಪಡೆಯಿತು. ಊರಿನವರು ಅದನ್ನು ಮಾಷ್ಟ್ರ ಕಾರು ಎಂದರು. ಆ ಹೆಸರೇ ನಿಂತಿತು.

ಹೆಸರಿಗೆ ತಕ್ಕಂತೆ ಅದು ಶಾಲೆಯ ಕಾರೂ ಆಯಿತು. ಪೇಟೆಗೆ ಬಂದು ಬಿದ್ದ ಕನ್ನಡ ಪಠ್ಯಪುಸ್ತಕದ ಕಟ್ಟುಗಳನ್ನು ಹಿಂದಿನ ಸೀಟಿನಲ್ಲಿ ಪೇರಿಸಿಕೊಂಡು ಶಾಲೆಗೆ ಮುಟ್ಟಿಸಿತು. ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಗೆ ಚೆಂಡೆ, ಮದ್ದಳೆ, ಕಿರೀಟದ ಪೆಟ್ಟಿಗೆಗಳನ್ನೂ ಅವುಗಳ ನಡುವೆ ಉಸಿರು ಬಿಗಿಹಿಡಿದು ಕುಳಿತ ನಾಲ್ಕು ಮಕ್ಕಳನ್ನೂ ಹೊತ್ತು ಸಾಗಿತು. ಹತ್ತನೆಯ ತರಗತಿಯ ಪರೀಕ್ಷೆಯ ದಿನ ಬಸ್ಸು ತಪ್ಪಿದವರನ್ನು ಕೇಂದ್ರಕ್ಕೆ ತಲಪಿಸಿತು. ತಂದೆಯವರು ಇದೆಲ್ಲವನ್ನೂ ಒಂದು ಉದ್ದ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಾರೀಕು, ಓಡಿದ ಕಿಲೋಮೀಟರು, ಹಾಕಿಸಿದ ಪೆಟ್ರೋಲು, ಬದಲಿಸಿದ ಭಾಗ, ಕೊಟ್ಟ ಹಣ, ಕೊನೆಯ ಅಂಕಣದಲ್ಲಿ ಷರಾ. "ಬ್ರೇಕಿನ ಲೈನರ್ ಬದಲಿಸಿದೆ, ಶಬ್ದ ನಿಂತಿತು" ಎಂಬಂಥ ಸರಳ ಮಾತುಗಳು, ದುಂಡಾದ ಅಕ್ಷರಗಳಲ್ಲಿ.

2016ರಲ್ಲಿ ತಂದೆಯವರು ತೀರಿಕೊಂಡರು. ವಾಹನದ ಒಡೆಯರು ಮರಣ ಹೊಂದಿದಾಗ ಅದನ್ನು ಮನೆಯಲ್ಲಿ ಹಾಗೆಯೇ ಓಡಿಸುತ್ತಿರುವುದು ನಮ್ಮ ಕಡೆ ಸಾಮಾನ್ಯ. ಕಾನೂನು ಅದಕ್ಕೆ ಮೂರು ತಿಂಗಳ ಅವಕಾಶ ಕೊಡುತ್ತದೆ. ಅಷ್ಟರೊಳಗೆ ವಾರಸುದಾರರು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ನೋಂದಣಿ ಪತ್ರವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ತಾಯಿಯ ಮತ್ತು ತಂಗಿಯ ಒಪ್ಪಿಗೆ ಪತ್ರದೊಂದಿಗೆ ಕಾರು ನನ್ನ ಹೆಸರಿಗೆ ಬಂದಿತು. ಆ ಕೆಲಸ ಅಂದೇ ಮುಗಿದಿದ್ದುದರಿಂದ ಈಗ ಮಾರುವಾಗ ತೊಡಕಾಗಲಿಲ್ಲ. ವರ್ಷಗಳ ಬಳಿಕ ಮಾರಲು ಹೊರಟು, ಅಷ್ಟರಲ್ಲಿ ವಾರಸುದಾರರಲ್ಲಿ ಒಬ್ಬರು ದುಬಾಯಿಯಲ್ಲಿ, ಇನ್ನೊಬ್ಬರು ಮುಂಬಯಿಯಲ್ಲಿ ಇರುವ ಸ್ಥಿತಿಯನ್ನು ನಾನು ಕಕ್ಷಿಗಾರರ ಮನೆಗಳಲ್ಲಿ ಕಂಡಿದ್ದೇನೆ.

ಖಾಸಗಿ ಕಾರಿನ ನೋಂದಣಿಗೆ ಮೊದಲು ಹದಿನೈದು ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2013ರಲ್ಲಿ, 2018ರಲ್ಲಿ ನವೀಕರಣ ಸುಲಭವಾಗಿತ್ತು. 2022ರ ಏಪ್ರಿಲ್ 1ರಿಂದ ಹಳೆಯ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು. 2023ರಲ್ಲಿ ಆ ಶುಲ್ಕವನ್ನೂ ಹಸಿರು ತೆರಿಗೆಯನ್ನೂ ಕಟ್ಟಿ 2028ರವರೆಗೆ ಕಾಗದಪತ್ರ ಸರಿಮಾಡಿಸಿದೆ. ಆದರೆ ಓಡಾಟ ಕಡಿಮೆಯಾಗಿ ಕಾರು ಕೊಟ್ಟಿಗೆಯ ಪಕ್ಕದ ಮಾಡಿನಡಿಯಲ್ಲಿ ನಿಲ್ಲುವುದೇ ಹೆಚ್ಚಾಯಿತು. ನಮ್ಮ ಕರಾವಳಿಯ ಮಳೆಗಾಲಕ್ಕೆ ನಿಂತ ಕಬ್ಬಿಣವೆಂದರೆ ಹಬ್ಬದೂಟ. ಅಡಿಪಾಯದ ತಗಡಿಗೆ ತುಕ್ಕು ಹಿಡಿಯಿತು. ಇನ್ನೊಂದು ಮಳೆಗಾಲ ಹೀಗೆಯೇ ಕಳೆದರೆ ಕಾರು ಯಾರಿಗೂ ಬೇಡವಾದೀತು ಎಂದು ತಾಯಿಯವರೇ ಹೇಳಿದರು. "ಓಡುವವರ ಕೈಗೆ ಕೊಡು" ಎಂದದ್ದೂ ಅವರೇ.

ಮೊದಲು ಬಂದವರು ಗುಜರಿಯವರು. ತೂಕದ ಲೆಕ್ಕ ಹಾಕಿ 18,000 ರೂಪಾಯಿ ಎಂದರು. ಆಮೇಲೆ ಬಂದ ದಲ್ಲಾಳಿಯೊಬ್ಬರು ಕಾರಿನ ಸುತ್ತ ಎರಡು ಸುತ್ತು ಬಂದು, ಬಾನೆಟ್ಟನ್ನೂ ಎತ್ತದೆ, 42,000 ರೂಪಾಯಿ ಕೊಡುತ್ತೇನೆಂದರು. ತುಕ್ಕಿನ ಮೇಲೆ ಬಣ್ಣ ಬಳಿದು, ಸೀಟಿಗೆ ಹೊಸ ಹೊದಿಕೆ ಹಾಕಿ, ಗಡಿಯಾಚೆ ಮಾರುವುದು ಅವರ ಎಣಿಕೆ. ಏನು ದೋಷವಿದೆ ಎಂದು ಅವರು ಕೇಳಲಿಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಮೂಲಭಾವ, ಕೊಳ್ಳುವವನು ತಾನೇ ಎಚ್ಚರವಾಗಿರಬೇಕು ಎಂಬುದು; ಅದಕ್ಕೆ ಕೆಲವು ಅಪವಾದಗಳುಂಟು. 1872ರ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯೆಂದರೇನೆಂದು ವಿವರಿಸುತ್ತದೆ. ಸುಮ್ಮನಿದ್ದ ಮಾತ್ರಕ್ಕೆ ಅದು ವಂಚನೆಯಾಗದು ಎನ್ನುವ ಆ ಕಲಮು ಕೆಳಗೆ ಕೆಲವು ಉದಾಹರಣೆಗಳನ್ನು ಕೊಡುತ್ತದೆ. ಕಾನೂನು ಓದಿದವರಿಗೆಲ್ಲ ಅವು ಬಾಯಿಪಾಠ. ಒಬ್ಬನು ಹರಾಜಿನಲ್ಲಿ ಕುದುರೆ ಮಾರುತ್ತಾನೆ; ಅದರ ದೋಷ ಅವನಿಗೆ ಗೊತ್ತು; ಹೇಳುವುದಿಲ್ಲ. ಅದು ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗತಾನೆ ಪ್ರಾಯಕ್ಕೆ ಬಂದವಳಾದರೆ? ಆ ಸಂಬಂಧದ ಕಾರಣದಿಂದಲೇ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಕೊಳ್ಳುವವನು, "ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ" ಎಂದಾಗ ಮಾರುವವನು ಬಾಯಿ ಬಿಡದಿದ್ದರೆ? ಆಗ ಮೌನವೇ ಮಾತಿಗೆ ಸಮ. ಕುದುರೆಯ ಜಾಗದಲ್ಲಿ ಕಾರನ್ನು ಇಟ್ಟು ನೋಡಿದರೆ ಈ ಉದಾಹರಣೆಗಳು ಇಂದಿಗೂ ಹಳತಾಗಿಲ್ಲ.

ದಲ್ಲಾಳಿಯವರಿಗೆ ಒಂದು ವಾರದ ಗಡುವು ಕೇಳಿದೆ. ಅಷ್ಟರಲ್ಲಿ ಪೆರ್ಲದಿಂದ ಕರೆ ಬಂದಿತು. ಕರೆಮಾಡಿದವರು ತಂದೆಯವರ ಹಳೆಯ ವಿದ್ಯಾರ್ಥಿ, ಈಗ ಎರಡೆಕ್ರೆ ಅಡಿಕೆ ತೋಟದ ಕೃಷಿಕರು, ನನಗಿಂತ ನಾಲ್ಕೈದು ವರ್ಷ ಹಿರಿಯರು. "ಮಾಷ್ಟ್ರ ಕಾರು ಕೊಡುವುದಂತೆ ಹೌದಾ ವಕೀಲರೇ? ಬೇರೆಯವರಿಗೆ ಮಾತು ಕೊಡಬೇಡಿ" ಎಂದರು.

ಹೀಗೆ ಒಂದು ಭಾನುವಾರ ಬೆಳಗ್ಗೆ ಏಳು ಗಂಟೆಗೆ ಹೊರಟೆವು. ಪಕ್ಕದಲ್ಲಿ, ಇಪ್ಪತ್ತು ವರ್ಷಗಳಿಂದ ಈ ಕಾರನ್ನು ರಿಪೇರಿ ಮಾಡುತ್ತ ಬಂದ, ನಾವೆಲ್ಲರೂ ಇಚ್ಚ ಎಂದೇ ಕರೆಯುವ ಮೆಕ್ಯಾನಿಕರು. ಚೋಕ್ ಎಳೆದು ಎರಡು ನಿಮಿಷ ಕಾದ ಮೇಲೆ ಎಂಜಿನು ಕೆಮ್ಮಿ ಎದ್ದಿತು. ವಿದ್ಯಾನಗರ, ಚೆಂಗಳ ದಾಟಿ ಚೆರ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ. ತಂದೆಯವರ ಕಾಲದಲ್ಲಿ ಇದು ಹದಿನೇಳನೆಯ ಹೆದ್ದಾರಿ, ಇಕ್ಕೆಲಗಳಲ್ಲಿ ಮರಗಳಿದ್ದ ಕಿರುದಾರಿ. ಈಗ ಅರುವತ್ತಾರು, ಆರು ಪಥಗಳ ಅಗಲ, ಎತ್ತರದ ಗೋಡೆ, ಕಾಂಕ್ರೀಟಿನ ಕಂಬ. ದೊಡ್ಡ ವಾಹನಗಳ ನಡುವೆ ನಮ್ಮ ಕಾರು ಬದಿಯ ಸೇವಾರಸ್ತೆಯನ್ನೇ ಹಿಡಿದು ಸಾಗಿತು. ಚೆರ್ಕಳದಲ್ಲಿ ಎಡಕ್ಕೆ ಹೊರಳಿದೊಡನೆ ಗಾಳಿ ಬದಲಾಯಿತು. ಇಬ್ಬನಿ ಇನ್ನೂ ಆರದ ತೋಟಗಳು, ಮನೆಯಂಗಳಗಳಲ್ಲಿ ಹರವಿದ ಮೊದಲ ಕೊಯ್ಲಿನ ಹಣ್ಣಡಿಕೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಮಧುವಾಹಿನಿಯ ದಡದಲ್ಲಿ ಎಡನೀರು. ದೇಶದ ಯಾವ ಕಾನೂನು ಕಾಲೇಜಿನಲ್ಲಿ ಓದಿದವರೂ ಈ ಊರಿನ ಮಠಾಧೀಶರ ಹೆಸರನ್ನು ಕಲಿಯದೆ ಹೊರಬರಲಾರರು. ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಹದಿಮೂರು ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಿಂದ ತೀರ್ಪಿತ್ತಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು. ಸ್ವಾಮೀಜಿಯವರು 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾದರು. ನಾನು ಕಾನೂನು ಕಾಲೇಜಿಗೆ ಸೇರಿದ ವರ್ಷ ತಂದೆಯವರು ಇದೇ ಕಾರಿನಲ್ಲಿ ನನ್ನನ್ನು ಇಲ್ಲಿಗೆ ಕರೆತಂದು, "ನೀನು ಓದಬೇಕಾದ ಪಾಠದ ಊರು ನಮ್ಮ ಮನೆಯಿಂದ ಎಷ್ಟು ಹತ್ತಿರ ಇದೆ ನೋಡು" ಎಂದಿದ್ದರು. ಲೆಕ್ಕದ ಪುಸ್ತಕದ ಷರಾ ಅಂಕಣದಲ್ಲಿ ಆ ದಿನದ್ದು ಒಂದೇ ಪದ: ಎಡನೀರು.

ನೆಲ್ಲಿಕಟ್ಟೆ ದಾಟಿ ಏರು ಹತ್ತುವಾಗ ಶಾಖದ ಮುಳ್ಳು ಮೇಲೇರಲು ತೊಡಗಿತು. ಇಚ್ಚ ಅದನ್ನೇ ನೋಡುತ್ತಿದ್ದರು. "ಬದಿಯಡ್ಕದವರೆಗೆ ಹೋಗ್ತದೆ. ಅಲ್ಲಿ ಚಾ ಕುಡಿಯುವ. ಅದಕ್ಕೂ ನೀರು, ನಮಗೂ ನೀರು" ಎಂದರು.

ಬದಿಯಡ್ಕ ಪೇಟೆಯ ಚಾದಂಗಡಿಯೊಂದರ ಮುಂದೆ ಬಾನೆಟ್ ತೆರೆದು ನಿಲ್ಲಿಸಿದೆವು. ಇದು ಕಯ್ಯಾರ ಕಿಞ್ಞಣ್ಣ ರೈಗಳ ಊರು. 1915ರ ಜೂನ್ 8ರಂದು ಹುಟ್ಟಿ 2015ರ ಆಗಸ್ಟ್ 9ರಂದು, ನೂರು ತುಂಬಿದ ಮೇಲೆ ಅಗಲಿದ ಅವರು ಕವಿಯಾಗಿ, ಹೋರಾಟಗಾರರಾಗಿ ಎಷ್ಟು ದೊಡ್ಡವರೋ ಅಧ್ಯಾಪಕರಾಗಿಯೂ ಅಷ್ಟೇ ದೊಡ್ಡವರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ದನಿಯೆತ್ತಿದವರೂ ಪೆರಡಾಲದ ತರಗತಿಯ ಕೋಣೆಯಲ್ಲಿ ಕನ್ನಡ ಕಲಿಸಿದವರೂ ಒಬ್ಬರೇ. 1956ರಲ್ಲಿ ಗಡಿ ನಿಂತಲ್ಲಿ ನಿಂತಿತು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು; ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂಬುದು ಅದರ ಸಾರ. ನಮ್ಮ ಮಕ್ಕಳ ಶಾಲೆಗಳ ಹಿಂದೆ ಇರುವ ಬಲ ಈ ವಿಧಿಯಷ್ಟೇ ಅಲ್ಲ, ಅದನ್ನು ಬಳಸಿಕೊಂಡು ಪಾಠ ಹೇಳಿದ ಅಧ್ಯಾಪಕರದ್ದೂ ಆಗಿದೆ.

ಚಾ ಕುಡಿಯುತ್ತ ನಾನು ಬಿಳಿಯ ಹಾಳೆಯೊಂದನ್ನು ತೆಗೆದು ಕಾರಿನ ದೋಷಗಳನ್ನು ಒಂದೊಂದಾಗಿ ಬರೆಯತೊಡಗಿದೆ. ಇಚ್ಚ ಹೇಳುತ್ತ ಹೋದರು. ನಡುವೆ ನಿಲ್ಲಿಸಿ ನನ್ನ ಮುಖ ನೋಡಿದರು. "ಇದನ್ನೆಲ್ಲ ಓದಿದರೆ ಯಾರು ತೆಗೆದುಕೊಳ್ತಾರೆ ವಕೀಲರೇ? ಆ ದಲ್ಲಾಳಿ ಒಂದು ಮಾತೂ ಕೇಳದೆ 42 ಕೊಡ್ತಾನೆ."

"ಅವರು ಮಾರುವವರು, ಇಚ್ಚ. ಇವರು ಕುಳಿತುಕೊಳ್ಳುವವರು" ಎಂದೆ. ಅವರು ಮತ್ತೆ ಮಾತಾಡದೆ ಉಳಿದ ದೋಷಗಳನ್ನು ಹೇಳಿ ಮುಗಿಸಿದರು.

ಉಕ್ಕಿನಡ್ಕ ದಾಟಿದರೆ ಎಣ್ಮಕಜೆ ಪಂಚಾಯತು, ಅದರ ಪೇಟೆ ಪೆರ್ಲ. ಒಂದೇ ಅಂಗಡಿಯ ಮುಂದೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಕೇಳಿಸುವ ಪೇಟೆ ಅದು. ಮುಖ್ಯರಸ್ತೆಯಿಂದ ಎಡಕ್ಕಿಳಿದ ಮಣ್ಣಿನ ದಾರಿಯಲ್ಲಿ ಒಂದು ಕಿಲೋಮೀಟರು ಹೋದರೆ ಅವರ ಮನೆ. ಕಾರಿನ ಸದ್ದು ಕೇಳಿ ಮನೆಯವರೆಲ್ಲ ಅಂಗಳಕ್ಕೆ ಬಂದಿದ್ದರು: ಕೃಷಿಕರು, ಅವರ ಪತ್ನಿ, ಒಂಬತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗಳು, ಜಗಲಿಯ ಕಂಬಕ್ಕೊರಗಿ ಕುಳಿತ ಅಜ್ಜಿ. ಅಜ್ಜಿಯವರಿಗೆ ವಾರಕ್ಕೆರಡು ಬಾರಿ ಮಂಗಳೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಾಡಿಗೆಯ ಕಾರಿಗೆ ಕೊಟ್ಟು ಕೊಟ್ಟು ಅಡಿಕೆಯ ಹಣ ಕರಗುತ್ತಿತ್ತು. ಸ್ವಂತಕ್ಕೊಂದು ಕಾರು ಬೇಕೆಂದದ್ದು ಅದಕ್ಕಾಗಿ.

ಇಚ್ಚ ಬಾನೆಟ್ ಎತ್ತಲು ಹೋದಾಗ ಮನೆಯೊಡೆಯರು ತಡೆದರು. "ಬೇಡ ಬೇಡ. ಮಾಷ್ಟ್ರ ಕಾರಿಗೆ ನಾನು ಎಂತ ನೋಡುವುದು? ಅವರು ಒಂದು ಬೋಲ್ಟು ಸಡಿಲ ಬಿಟ್ಟವರಲ್ಲ. ನೀವು ಹೇಳಿದ್ದೇ ರೇಟು."

ಕರಾರು ಕಾಯಿದೆಯ ಎರಡನೆಯ ಉದಾಹರಣೆಯೂ ಮೂರನೆಯದೂ ಒಟ್ಟಾಗಿ ಆ ಅಂಗಳದಲ್ಲಿ ನಿಂತಿದ್ದವು. ಅವರ ನಂಬಿಕೆ ಇದ್ದದ್ದು ಕಾರಿನ ಮೇಲಲ್ಲ, ಎಂಟು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಅಧ್ಯಾಪಕರ ಮೇಲೆ. ಆ ನಂಬಿಕೆಯ ಮೇಲೆ 42,000 ರೂಪಾಯಿ ಕೇಳಿದ್ದರೂ ಅವರು ಎಣಿಸಿ ಕೊಡುತ್ತಿದ್ದರು.

"ಅಣ್ಣ, ಮೊದಲು ಇದನ್ನು ಓದಿ. ಆಮೇಲೆ ರೇಟಿನ ಮಾತು" ಎಂದು ಹಾಳೆಯನ್ನು ಕೊಟ್ಟೆ. ಕನ್ನಡಕ ಒಳಗಿದೆಯೆಂದು ಅವರು ಅದನ್ನು ಮಗಳ ಕೈಗಿತ್ತರು. ಹುಡುಗಿ ಪಾಠ ಓದುವಂತೆ, ಅಜ್ಜಿಗೂ ಕೇಳಿಸುವಂತೆ, ಗಟ್ಟಿಯಾಗಿ ಓದಿದಳು. ಒಂದು: ರೇಡಿಯೇಟರು ಸೋರುತ್ತದೆ, ಏರುದಾರಿಯಲ್ಲಿ ಇಪ್ಪತ್ತು ಕಿಲೋಮೀಟರಿಗೇ ಎಂಜಿನು ಕಾಯುತ್ತದೆ. ಎರಡು: ಇಳಿಜಾರಿನಲ್ಲಿ ಎರಡನೆಯ ಗೇರು ತಾನಾಗಿ ಜಾರುತ್ತದೆ. ಮೂರು: ಚಾಲಕನ ಕಾಲಡಿಯ ತಗಡಿಗೆ ತುಕ್ಕು ಹಿಡಿದು ತೂತಾಗಿದೆ, ಮೇಲೆ ಬೇರೆ ತಗಡು ಇಡಲಾಗಿದೆ. ನಾಲ್ಕು: ಹ್ಯಾಂಡ್‌ಬ್ರೇಕು ಏರಿನಲ್ಲಿ ನಿಲ್ಲಿಸದು. ಐದು: ಹಿಂದಿನ ಎರಡೂ ಟಯರು ಸವೆದಿವೆ. ಆರು: ಜೋರು ಮಳೆಗೆ ವೈಪರು ಸಾಲದು. ಏಳು: ಚೋಕಿನ ತಂತಿ ಬಿಗಿ. ಎಂಟು: ಎಡಗಡೆಯ ಹಿಂದಿನ ಗಾಜು ಮೇಲೇರದು. ಒಂಬತ್ತು: ಸೈಲೆನ್ಸರಿನ ಬೆಸುಗೆ ಬಿಟ್ಟಿದೆ. ಕೆಳಗೆ ಒಳ್ಳೆಯ ಅಂಶಗಳೂ ಇದ್ದವು: ಎಂಜಿನಿನ ಕೆಲಸ 2011ರಲ್ಲಿ ಪೂರ್ತಿಯಾಗಿ ಮಾಡಿಸಿದ್ದು, ಬ್ಯಾಟರಿ ಒಂದು ವರ್ಷದ್ದು, ನೋಂದಣಿ 2028ರವರೆಗೆ, ವಿಮೆ ಏಪ್ರಿಲ್‌ವರೆಗೆ.

ಓದು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಕೇಳಿದವರು ಮನೆಯಾಕೆ. "ಅತ್ತೆಯನ್ನು ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ನಿಂತರೆ?"

"ರೇಡಿಯೇಟರ್ ಬದಲಿಸುವವರೆಗೆ ಆಸ್ಪತ್ರೆಗೆ ಇದರಲ್ಲಿ ಹೋಗಲೇಬೇಡಿ ಅಕ್ಕ" ಎಂದೆ. ಇಚ್ಚ ತುಸು ಹತ್ತಿರ ಬಂದು ಯಾವುದು ಮೊದಲು ಆಗಬೇಕು, ಯಾವುದು ಕಾಯಬಹುದು ಎಂದು ವಿಂಗಡಿಸಿ ಹೇಳಿದರು. ರೇಡಿಯೇಟರು, ಹ್ಯಾಂಡ್‌ಬ್ರೇಕು, ಟಯರುಗಳು ಮತ್ತು ಕಾಲಡಿಯ ತಗಡು ಕೂಡಲೇ, ಗೇರು ಮಳೆಗಾಲಕ್ಕೆ ಮೊದಲು, ಉಳಿದುದು ಅನುಕೂಲವಾದಾಗ. ಕೂಡಲೇ ಆಗಬೇಕಾದ ಕೆಲಸಕ್ಕೆ ತಮ್ಮ ಅಂದಾಜು 14,000 ರೂಪಾಯಿ ಎಂದರು. ಈ ಮಾದರಿಯ ಬಿಡಿಭಾಗಗಳು ಇಂದಿಗೂ ಸಣ್ಣ ಪೇಟೆಗಳಲ್ಲಿ ಸಿಗುತ್ತವೆ. ಇದನ್ನು ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕರು ನಮ್ಮ ಕಡೆ ಇಲ್ಲ. ಹಳೆಯ ಕಾರು ಕೊಳ್ಳುವವರು ಗಮನಿಸಬೇಕಾದ ಮುಖ್ಯ ಸಂಗತಿ ಅದೇ.

ಆಮೇಲೆ ಪರೀಕ್ಷೆಗಾಗಿ ಅವರೇ ಕಾರು ಓಡಿಸಿದರು. ನಾವು ಅಡ್ಕಸ್ಥಳದವರೆಗೆ ಹೋದೆವು. ಎದುರಿಗೆ ಸಾರಡ್ಕ, ಕರ್ನಾಟಕ. ಫಲಕ ಓದದಿದ್ದರೆ ರಾಜ್ಯ ಬದಲಾದದ್ದು ತಿಳಿಯದು. ಅದೇ ಗುಡ್ಡ, ಅದೇ ತೋಟ. ಅವರು ಕಾರು ನಿಲ್ಲಿಸಿ ಮುಂದಕ್ಕೆ ಕೈತೋರಿದರು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಹೆಸರಿನಲ್ಲಿ ಕರ್ನಾಟಕ ಗಡಿಯನ್ನು ಮುಚ್ಚಿದಾಗ ಹಲವು ದಾರಿಗಳಿಗೆ ಮಣ್ಣು ಸುರಿಯಲಾಗಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲಿ ಸಿಲುಕಿದರು. ಚಿಕಿತ್ಸೆ ಸಿಗದೆ ಸತ್ತವರೂ ಇದ್ದರು. ತುರ್ತು ಚಿಕಿತ್ಸೆಗೆ ಹೋಗುವವರ ದಾರಿಯ ತಡೆಯನ್ನು ತೆಗೆಸಬೇಕೆಂದು ಕೇರಳ ಹೈಕೋರ್ಟು 2020ರ ಏಪ್ರಿಲ್ 1ರಂದು ಕೇಂದ್ರ ಸರಕಾರಕ್ಕೆ ಆದೇಶ ನೀಡಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. "ಆಗ ಅಮ್ಮನಿಗೆ ಈ ಕಾಯಿಲೆ ಇರಲಿಲ್ಲ. ಇದ್ದಿದ್ದರೆ..." ಎಂದು ಅವರು ಮಾತು ನಿಲ್ಲಿಸಿದರು. ಗಡಿಯ ಜನರಿಗೆ ಕಾರು ಎಂಬುದು ಏನು ಎಂದು ನನಗೆ ಅಲ್ಲಿ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಿಂದಿರುಗಿ ಬರುವ ಇಳಿಜಾರಿನಲ್ಲಿ ಎರಡನೆಯ ಗೇರು ಜಾರಿತು. "ಹಾಳೆಯಲ್ಲಿ ಬರೆದದ್ದು ಸರಿ ಉಂಟು" ಎಂದು ನಕ್ಕರು.

ಬೆಲೆ 30,000 ರೂಪಾಯಿಗೆ ಒಪ್ಪಂದವಾಯಿತು. ದಲ್ಲಾಳಿಯವರ ಮಾತಿಗಿಂತ 12,000 ಕಡಿಮೆ. ತಾಯಿಗೆ ಫೋನ್ ಮಾಡಿ ಕೇಳಿದೆ. "ಯಾರಿಗೆ ಎಂದು ಹೇಳಿದೆಯಲ್ಲ, ಮತ್ತೆ ಎಷ್ಟು ಎಂದು ಯಾಕೆ ಕೇಳುತ್ತಿ?" ಎಂದರು.

ಇನ್ನು ಕಾಗದಪತ್ರದ ವಿಚಾರ. ಇದನ್ನು ಓದುಗರು ತಾಳ್ಮೆಯಿಂದ ಓದಬೇಕೆಂದು ವಿನಂತಿ. ಹಳೆಯ ವಾಹನದ ವ್ಯವಹಾರದಲ್ಲಿ ಮನೆ ಮುಳುಗುವುದು ರಿಪೇರಿಯ ಖರ್ಚಿನಿಂದಲ್ಲ, ಕಾಗದದ ಉದಾಸೀನದಿಂದ. ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು, ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ಮೊದಲನೆಯದಕ್ಕೆ ನಮೂನೆ 29, ಎರಡನೆಯದಕ್ಕೆ ನಮೂನೆ 30. ಅರ್ಜಿಗಳನ್ನು ಈಗ ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದು. ಗಡಿಯಾಚೆಗೆ ಮಾರುವುದಾದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಅಲ್ಲಿರುವುದಾದರೆ ಅಲ್ಲಿನ ಹೊಸ ಸಂಖ್ಯೆ ಪಡೆಯಬೇಕು, ಅಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಸಾಲವಿದ್ದ ಕಾರಾದರೆ ಬ್ಯಾಂಕಿನ ಅಡಮಾನದ ನಮೂದನ್ನು ನಮೂನೆ 35ರ ಮೂಲಕ ಮೊದಲು ತೆಗೆಸಬೇಕು. ತಂದೆಯವರು ಸಾಲ ತೀರಿದ ತಿಂಗಳೇ ಅದನ್ನು ತೆಗೆಸಿದ್ದರು. ಲೆಕ್ಕದ ಪುಸ್ತಕದಲ್ಲಿ ಅದರ ತಾರೀಕೂ ಇದೆ.

ಹೆಸರು ಬದಲಾಯಿಸದೆ ಬರಿಯ ಸಹಿ ಹಾಕಿದ ನಮೂನೆಗಳನ್ನು ಕೊಟ್ಟು ಕಾರನ್ನು ಕಳುಹಿಸಿಬಿಟ್ಟರೆ ಏನಾಗುತ್ತದೆ? ಕಾಯಿದೆಯ ಪ್ರಕಾರ ಒಡೆಯನೆಂದರೆ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿದ್ದವರದ್ದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಮಾರಿ ವರ್ಷಗಳಾದ ಮೇಲೆ ಗುರುತಿಲ್ಲದವರ ಅಪಘಾತದ ನೋಟೀಸು ಮನೆಗೆ ಬರುವುದು ಹೀಗೆ. ದಲ್ಲಾಳಿಗಳ ಮೂಲಕ ಮಾರುವವರು ಇದನ್ನು ಮರೆಯಬಾರದು. ವಿಮೆಯ ವಿಷಯದಲ್ಲಿ, ಮೂರನೆಯವರ ಹಾನಿಗೆ ಸಂಬಂಧಿಸಿದ ರಕ್ಷಣೆ ವಾಹನದೊಂದಿಗೇ ಹೋಗುತ್ತದೆಂದು 157ನೆಯ ಕಲಮು ಹೇಳುತ್ತದೆಯಾದರೂ ಕೊಂಡವನು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು.

ಮಾರಾಟದ ಕರಾರನ್ನು ಅವರ ಮನೆಯ ಜಗಲಿಯಲ್ಲಿ ಕನ್ನಡದಲ್ಲೇ ಬರೆದೆವು. ಕರಾರು ಇಂಥ ಭಾಷೆಯಲ್ಲೇ ಇರಬೇಕೆಂದು ಕರಾರು ಕಾಯಿದೆ ಹೇಳುವುದಿಲ್ಲ. ಬರೆದುದು ಇಬ್ಬರಿಗೂ ಅರ್ಥವಾಗಿರಬೇಕು, ಅಷ್ಟೆ. ಕಾರನ್ನು ಒಪ್ಪಿಸಿದ ದಿನದ ಜೊತೆಗೆ ಗಂಟೆಯನ್ನೂ ನಮೂದಿಸಿದೆವು. ಅಂದಿನ ಕಿಲೋಮೀಟರು ಬರೆದೆವು. ಒಂಬತ್ತು ದೋಷಗಳ ಹಾಳೆಯನ್ನು ಕರಾರಿಗೆ ಲಗತ್ತಿಸಿ ಅದಕ್ಕೂ ಇಬ್ಬರೂ ಸಹಿ ಮಾಡಿದೆವು. ಅದರಿಂದ ಕೊಂಡವರಿಗೆ ಏನನ್ನು ಕೊಂಡೆವೆಂಬುದು ತಿಳಿಯಿತು. ಮುಂದೆ ಅದನ್ನು ಮುಚ್ಚಿಟ್ಟಿದ್ದೆ ಎಂಬ ಮಾತು ಬಾರದಂತೆ ನನಗೂ ರಕ್ಷೆಯಾಯಿತು. ಸಾಕ್ಷಿಯಾಗಿ ಇಚ್ಚ ಮಲಯಾಳದಲ್ಲಿ ಸಹಿ ಹಾಕಿದರು. ಮೂಲ ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ, ಎರಡು ಬೀಗದಕೈ, ಅವುಗಳ ಜೊತೆಗೆ ಲೆಕ್ಕದ ಪುಸ್ತಕವನ್ನೂ ಕೊಟ್ಟೆ. ಅದನ್ನು ಮನೆಯಲ್ಲಿಟ್ಟುಕೊಳ್ಳುವ ಆಸೆ ಇತ್ತು. ಆದರೆ ಯಾವ ಭಾಗ ಯಾವಾಗ ಬದಲಾಗಿದೆ ಎಂಬುದು ಕಾರು ಓಡಿಸುವವರಿಗೆ ಬೇಕಾದ ಮಾಹಿತಿ. ಪುಟಗಳ ನಕಲು ತೆಗೆದಿರಿಸಿಕೊಂಡು ಮೂಲವನ್ನು ಕಾರಿನೊಂದಿಗೇ ಕಳುಹಿಸಿದ್ದೆ.

ಊಟ ಮಾಡದೆ ಅವರು ಬಿಡಲಿಲ್ಲ. ಅಜ್ಜಿಯವರು ಕಾರಿನ ಹತ್ತಿರ ಬಂದು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, "ನನ್ನ ಮಗನನ್ನು ಇದರಲ್ಲೇ ಪರೀಕ್ಷೆಗೆ ಕರಕೊಂಡು ಹೋದದ್ದು" ಎಂದರು. ಲೆಕ್ಕ ಸರಿಹೋಗುವುದಿಲ್ಲ, ಅವರ ಮಗ ಶಾಲೆ ಬಿಟ್ಟ ಎಷ್ಟೋ ವರ್ಷದ ಮೇಲೆ ಬಂದ ಕಾರು ಇದು. ಅಂದು ಕರೆದುಕೊಂಡು ಹೋದದ್ದು ಬಸ್ಸಿನಲ್ಲಿರಬಹುದು, ಬಾಡಿಗೆಯ ಜೀಪಿನಲ್ಲಿರಬಹುದು. ಮಗ ತಿದ್ದಲು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಪೆರ್ಲದಿಂದ ಬದಿಯಡ್ಕಕ್ಕೆ, ಅಲ್ಲಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹಿಂದಿರುಗಿದೆವು. ಮಧ್ಯಾಹ್ನದ ಬಿಸಿಲಿಗೆ ಅಡ್ಕಗಳು ಬೆಳ್ಳಗೆ ಹೊಳೆಯುತ್ತಿದ್ದವು. ಮರುದಿನವೇ ನಮೂನೆ 29 ಸಲ್ಲಿಸಿದೆ. ಮೂರು ವಾರಗಳ ಬಳಿಕ ನೋಂದಣಿ ಅವರ ಹೆಸರಿಗೆ ಬದಲಾದ ಸಂದೇಶ ಫೋನಿಗೆ ಬಂದಿತು. ಅದೇ ಸಂಜೆ ಪೆರ್ಲದಿಂದ ಒಂದು ಚಿತ್ರವೂ ಬಂದಿತು: ಲೆಕ್ಕದ ಪುಸ್ತಕದ ಹೊಸ ಪುಟ. ತಂದೆಯವರು ಎಳೆದಂತೆಯೇ ಅಂಕಣಗಳು, ಒಂಬತ್ತನೆಯ ತರಗತಿಯ ಹುಡುಗಿಯ ಕೈಬರಹ. ರೇಡಿಯೇಟರು ಹೊಸದು, ಹ್ಯಾಂಡ್‌ಬ್ರೇಕಿನ ತಂತಿ ಹೊಸದು, ಟಯರು ಎರಡು, ತಗಡಿನ ಬೆಸುಗೆ; ಒಟ್ಟು 13,600 ರೂಪಾಯಿ. ಷರಾ ಅಂಕಣದಲ್ಲಿ ಬರೆದಿತ್ತು: ಅಜ್ಜಿಯನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ ಬಂದೆವು, ಎಲ್ಲಿಯೂ ನಿಲ್ಲಲಿಲ್ಲ.